ಬಾಸ್ಕೆಟ್‌ಬಾಲ್ ಆಟಗಾರನನ್ನು ಕಾಗದದ ಮೇಲೆ ಹಾರಿಸುವುದು ಹೇಗೆ?

"ಮುಖ ಹೇಗೋ ಬರುತ್ತದೆ, ಮೈ ಮಾತ್ರ ಬೊಂಬೆಯ ಹಾಗೆ ನಿಂತುಬಿಡುತ್ತದೆ. ಏನು ಮಾಡಲಿ?" ಬಾಸ್ಕೆಟ್‌ಬಾಲ್ ಚಿತ್ರ ಬರೆಯುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇದೊಂದೇ. ಮಂಜೇಶ್ವರದಿಂದ ಕೇಳಿದರೂ ಇದೇ, ಬದಿಯಡ್ಕದಿಂದ ಕೇಳಿದರೂ ಇದೇ. ಒಬ್ಬೊಬ್ಬರಿಗೂ ಉತ್ತರ ಬರೆದು ಸಾಕಾಯಿತು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಾನು ಚಿತ್ರಕಲೆ ಕಲಿತು ಬಂದವನಲ್ಲ. ಶಾಲೆಯ ದಿನಗಳಿಂದ ಈ ಆಟದ ಹುಚ್ಚು, ಅದರ ಹಿಂದೆಯೇ ಪೆನ್ಸಿಲಿನ ಹುಚ್ಚು. ಅಂದಹಾಗೆ ನಮ್ಮ ಕಾಸರಗೋಡಿನ ಕಡೆ "ಆಟಕ್ಕೆ ಹೋಗಿದ್ದೆ" ಎಂದರೆ ಯಕ್ಷಗಾನಕ್ಕೆ ಹೋಗಿದ್ದೆ ಎಂದೇ ಅರ್ಥ. ಈ ಕೆಲಸದ ಗುಟ್ಟು ನನಗೆ ಸಿಕ್ಕಿದ್ದೂ ಅಲ್ಲಿಂದಲೇ. ತೆರೆಯ ಕೆಳಗೆ ಕಾಲು ಮಾತ್ರ ಕಂಡರೂ ಯಾವ ವೇಷ ಬಂತು ಎಂದು ಹಳೆಯ ಪ್ರೇಕ್ಷಕರು ಹೇಳಿಬಿಡುತ್ತಾರೆ. ಬಾಸ್ಕೆಟ್‌ಬಾಲ್ ಆಟಗಾರನ ಗುರುತೂ ಹಾಗೆಯೇ. ಮೈ ಯಾವ ಕಡೆ ವಾಲಿದೆ, ಭಾರ ಯಾವ ಕಾಲಿನ ಮೇಲಿದೆ, ಕೈ ಎಲ್ಲಿ ಮುಗಿಯುತ್ತದೆ ಎನ್ನುವುದರಲ್ಲೇ ಅರ್ಧಕ್ಕಿಂತ ಜಾಸ್ತಿ ಗುರುತು ಇದೆ. ಮುಖ ಕೊನೆಗೆ ಬಂದರೆ ಸಾಕು. ಕೆಳಗಿನ ಹಂತಗಳೆಲ್ಲ ಇದೇ ಲೆಕ್ಕದಲ್ಲಿ ಜೋಡಿಸಿದವು.

ಏನೇನು ಬೇಕು

ತುಂಬಾ ಸಾಮಾನು ಬೇಡ. ಎಚ್‌ಬಿ, 2ಬಿ, 6ಬಿ ಹೀಗೆ ಮೂರು ಪೆನ್ಸಿಲ್ ಸಾಕು. ಬಿ ಮುಂದಿನ ಅಂಕಿ ಹೆಚ್ಚಾದಷ್ಟೂ ಸೀಸ ಮೆತ್ತಗೆ, ಗೆರೆ ಕಪ್ಪು. ಒಂದು ಮೆತ್ತನೆಯ ರಬ್ಬರ್, ಒಂದು ಸ್ಕೇಲ್, ಒಂದು ತುಂಡು ದಾರ ಇರಲಿ. ದಾರ ಯಾಕೆ ಎಂದು ನಾಲ್ಕನೇ ಹಂತದಲ್ಲಿ ಹೇಳುತ್ತೇನೆ.

ಕಾಗದದಲ್ಲಿ ಎರಡು ಬಗೆ ಬೇಕು. ಅಭ್ಯಾಸಕ್ಕೆ ಹಳೆಯ ಪರೀಕ್ಷೆ ಪೇಪರಿನ ಹಿಂಬದಿಯಾದರೂ ಆದೀತು. ಒಳ್ಳೆಯ ಚಿತ್ರಕ್ಕೆ ಮಾತ್ರ ದಪ್ಪ ಕಾಗದ ಬೇಕು. ಅಂಗಡಿಯಲ್ಲಿ ಜಿಎಸ್‌ಎಂ ಎಷ್ಟು ಎಂದು ಕೇಳಿ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. ಪೆನ್ಸಿಲಿಗೆ 130ರಿಂದ 150 ಸಾಕು. ಜಲವರ್ಣಕ್ಕೆ 300 ಬೇಕು. ಅದಕ್ಕಿಂತ ತೆಳು ತಂದರೆ ನೀರು ತಾಗಿದ ಕೂಡಲೇ ಹಪ್ಪಳದಂತೆ ಏಳುತ್ತದೆ. ಕಾಸರಗೋಡು ಪೇಟೆಯಲ್ಲಿ 300ರ ಕಾಗದ ಸಿಗದಿದ್ದರೆ ಮಂಗಳೂರಿಗೆ ಹೋದಾಗ ನಾಲ್ಕಾರು ಹಾಳೆ ಒಟ್ಟಿಗೆ ತಂದಿಟ್ಟುಕೊಳ್ಳಿ. ಸುರುಳಿ ಸುತ್ತಿಸಿಕೊಳ್ಳಬೇಡಿ. ಎರಡು ರಟ್ಟಿನ ನಡುವೆ ಇಟ್ಟು ತನ್ನಿ.

ದುಬಾರಿ ಬಣ್ಣದ ಪೆಟ್ಟಿಗೆ ಈಗಲೇ ಬೇಡ. ಮೊದಲ ಐವತ್ತು ಚಿತ್ರ ಪೆನ್ಸಿಲಿನಲ್ಲೇ ಆಗಲಿ.

ಮೊದಲು ಅಳತೆ ತಿಳಿದಿರಲಿ

ಆಟ ಗೊತ್ತಿರುವವರು ನಿಮ್ಮ ಚಿತ್ರವನ್ನು ನೋಡಿ "ಏನೋ ಸರಿ ಇಲ್ಲ" ಎಂದರೆ ತಪ್ಪು ಇರುವುದು ಸಾಮಾನ್ಯವಾಗಿ ಅಳತೆಯಲ್ಲಿ.

ರಿಂಗ್ ನೆಲದಿಂದ 3.05 ಮೀಟರ್, ಅಂದರೆ 10 ಅಡಿ ಎತ್ತರದಲ್ಲಿರುತ್ತದೆ. ನಮ್ಮೂರಿನವರಿಗೆ ಕಣ್ಣಿಗೆ ಅಭ್ಯಾಸ ಇರುವುದು ವಾಲಿಬಾಲ್ ನೆಟ್. ಗಂಡಸರ ವಾಲಿಬಾಲ್ ನೆಟ್ 2.43 ಮೀಟರ್. ರಿಂಗ್ ಅದಕ್ಕಿಂತ ಎರಡು ಅಡಿ ಮೇಲೆ. ಈ ಎರಡು ಅಡಿಯನ್ನು ಮರೆತೇ ನಮ್ಮ ಹುಡುಗರು ರಿಂಗನ್ನು ತಲೆಯ ಹತ್ತಿರ ತಂದುಬಿಡುತ್ತಾರೆ. ಆಮೇಲೆ ಡಂಕ್ ಮಾಡುವವನು ಅಟ್ಟದಿಂದ ಡಬ್ಬ ಇಳಿಸುತ್ತಿರುವ ಹಾಗೆ ಕಾಣುತ್ತಾನೆ. ಡಂಕ್ ಎಂದರೆ ಹಾರಿ ಚೆಂಡನ್ನು ಕೈಯಾರೆ ರಿಂಗಿನೊಳಗೆ ತುರುಕುವುದು.

ರಿಂಗಿನ ಒಳಗಿನ ಅಗಲ 45 ಸೆಂಟಿಮೀಟರ್. ಗಂಡಸರ ಚೆಂಡಿನ ಅಡ್ಡಗಲ ಸುಮಾರು 24. ಅಂದರೆ ಎರಡು ಚೆಂಡು ಪಕ್ಕಪಕ್ಕ ಇಟ್ಟರೆ ಇನ್ನೇನು ಹಿಡಿಸಿತು ಎನ್ನುವಷ್ಟರಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನ ಹಲಗೆ 1.80 ಮೀಟರ್ ಅಗಲ, 1.05 ಮೀಟರ್ ಎತ್ತರ.

ಇನ್ನೊಂದು ಅಳತೆ ಇದೆ, ನನಗೆ ಅತ್ಯಂತ ಉಪಕಾರ ಮಾಡಿದ್ದು ಅದೇ. ಚೆಂಡಿನ ಅಡ್ಡಗಲ, ಗಲ್ಲದಿಂದ ನೆತ್ತಿಯವರೆಗಿನ ತಲೆಯ ಉದ್ದ, ಇವೆರಡೂ ಹೆಚ್ಚುಕಡಿಮೆ ಸಮ. ತಲೆ ಬರೆದಿರಿ ಎಂದರೆ ಚೆಂಡಿನ ಗಾತ್ರ ಸಿಕ್ಕಿತು ಎಂದೇ ಲೆಕ್ಕ.

ಅಮೆರಿಕದ ಹೆಸರಾಂತ ಆಟಗಾರ ಮೈಕೆಲ್ ಜೋರ್ಡಾನ್ 1.98 ಮೀಟರ್ ಎತ್ತರದವರು. ಅವರನ್ನು ಕಾಗದದ ಮೇಲೆ 12 ಸೆಂಟಿಮೀಟರ್ ಎತ್ತರಕ್ಕೆ ನಿಲ್ಲಿಸಿದರೆ ರಿಂಗ್ ನೆಲದಿಂದ ಹದಿನೆಂಟೂವರೆ ಸೆಂಟಿಮೀಟರ್ ಮೇಲೆ ಬರಬೇಕು. ತಲೆಯೂ ಚೆಂಡೂ ಸುಮಾರು ಒಂದೂವರೆ ಸೆಂಟಿಮೀಟರ್. ರಿಂಗಿನ ಅಗಲ 2.7, ಹಲಗೆಯ ಅಗಲ ಹನ್ನೊಂದಕ್ಕೆ ಸ್ವಲ್ಪ ಕಡಿಮೆ. ಎ4 ಹಾಳೆಯನ್ನು ಉದ್ದಕ್ಕೆ ಹಿಡಿದರೆ ಎಲ್ಲವೂ ಹಿಡಿಸುತ್ತದೆ. ಆಟಗಾರ ರಿಂಗಿನ ಪಕ್ಕದಲ್ಲೇ ಇದ್ದರೆ ಮಾತ್ರ ಈ ಲೆಕ್ಕ. ರಿಂಗ್ ದೂರದಲ್ಲಿದ್ದರೆ ಅದು ಸಣ್ಣದಾಗುತ್ತದೆ.

ಹಂತ 1: ಒಂದು ಕ್ಷಣವನ್ನು ಆರಿಸಿ

"ಸ್ಟೀಫನ್ ಕರಿ ಅವರ ಚಿತ್ರ ಬರೆಯುತ್ತೇನೆ" ಎಂದು ಕೂರಬೇಡಿ. "ಕರಿ ಅವರು ಚೆಂಡು ಬಿಟ್ಟ ಕೂಡಲೇ" ಎಂದು ಕೂತುಕೊಳ್ಳಿ. ಆಟಗಾರನ ಹೆಸರು ವಿಷಯವಾಗುವುದಿಲ್ಲ, ಅವನು ಮಾಡುತ್ತಿರುವ ಕೆಲಸ ವಿಷಯವಾಗುತ್ತದೆ.

ಶುರುವಿಗೆ, ನೆರಳು ನೋಡಿದರೂ ಗುರುತು ಸಿಗುವಂಥ ಆಟಗಾರರನ್ನು ತೆಗೆದುಕೊಳ್ಳಿ. ಕರೀಂ ಅಬ್ದುಲ್ ಜಬ್ಬಾರ್ ಅವರ ಸ್ಕೈಹುಕ್ ಇದಕ್ಕೆ ಹೇಳಿಮಾಡಿಸಿದ್ದು. ರಿಂಗಿಗೆ ಪಕ್ಕ ತಿರುಗಿ ನಿಂತು, ಒಂದೇ ಕೈಯನ್ನು ನೇರ ಮೇಲಕ್ಕೆ ಚಾಚಿ, ತಲೆಯ ಮೇಲಿಂದ ಚೆಂಡನ್ನು ಬಾಗಿಸಿ ಬಿಡುವ ಎಸೆತ ಅದು. ಕಾಲ್ಬೆರಳಿನಿಂದ ಕೈಬೆರಳಿನವರೆಗೆ ಒಂದೇ ಗೆರೆ. ಡರ್ಕ್ ನೊವಿಟ್ಸ್ಕಿ ಒಂದು ಕಾಲಿನ ಮೇಲೆ ಹಿಂದಕ್ಕೆ ವಾಲುತ್ತಾ, ಬಲ ಮೊಣಕಾಲು ಎತ್ತಿ ಎಸೆಯುತ್ತಿದ್ದರು. ಹೀಗೆ ಹಿಂದಕ್ಕೆ ವಾಲಿ ಎಸೆಯುವುದಕ್ಕೆ ಫೇಡ್‌ಅವೇ ಎನ್ನುತ್ತಾರೆ. ಡಲ್ಲಾಸ್‌ನಲ್ಲಿ 2022ರಲ್ಲಿ ನಿಲ್ಲಿಸಿದ ಅವರ ಪ್ರತಿಮೆಯೂ ಇದೇ ಭಂಗಿಯಲ್ಲಿದೆ.

ನಮ್ಮವರನ್ನು ಬರೆಯುವ ಆಸೆ ಇದ್ದರೆ ಕೋಟಯಂನ ಗೀತು ಅನ್ನಾ ಜೋಸ್ ಇದ್ದಾರೆ. ಭಾರತದ ಮಹಿಳಾ ತಂಡದ ನಾಯಕಿಯಾಗಿದ್ದವರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. 2011ರಲ್ಲಿ ಅಮೆರಿಕದ ಮಹಿಳಾ ಲೀಗ್ ತಂಡಗಳ ಆಯ್ಕೆ ಪರೀಕ್ಷೆಗೂ ಹೋಗಿದ್ದರು. ಒಂದು ಸೂಕ್ಷ್ಮ ನೆನಪಿರಲಿ. ಹೆಂಗಸರ ಚೆಂಡು 6ನೇ ಸೈಜ್, ಗಂಡಸರದ್ದು 7. ಅವರ ಕೈಗೆ ಗಂಡಸರ ಚೆಂಡು ಕೊಡಬೇಡಿ.

ಹಂತ 2: ವಿಡಿಯೊ ನಿಲ್ಲಿಸಿ, ಮೂರು ಫ್ರೇಮ್ ನೋಡಿ

ಎನ್‌ಬಿಎ ಪಂದ್ಯಗಳು, ಅಂದರೆ ಅಮೆರಿಕದ ವೃತ್ತಿಪರ ಲೀಗಿನ ಪಂದ್ಯಗಳು, ನಮಗೆ ಬೆಳಗ್ಗಿನ ಹೊತ್ತಿಗೆ ಬರುತ್ತವೆ. ಜೂನ್‌ನಲ್ಲಿ ಫೈನಲ್ಸ್ ಐದೂವರೆ, ಆರಕ್ಕೆ ಶುರು. ಸರಿಯಾಗಿ ಅದೇ ಹೊತ್ತಿಗೆ ಇಲ್ಲಿ ಮಳೆಗಾಲವೂ ಶುರು, ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಲೈವ್ ನೋಡುತ್ತಾ ಬರೆಯುವ ಸಾಹಸ ಬೇಡ. ನೋಡುವಾಗ ಸುಮ್ನೆ ನೋಡಿ. ಬರೆಯಲು ಆಮೇಲೆ ಬರುವ ಹೈಲೈಟ್ಸ್ ಸಾಕು.

ಯೂಟ್ಯೂಬಿನಲ್ಲಿ ವೇಗವನ್ನು ಕಾಲು ಭಾಗಕ್ಕೆ ಇಳಿಸಬಹುದು. ಕಂಪ್ಯೂಟರಿನಲ್ಲಾದರೆ ವಿಡಿಯೊ ನಿಲ್ಲಿಸಿ ಅಲ್ಪವಿರಾಮದ ಕೀ ಒತ್ತಿದರೆ ಒಂದು ಫ್ರೇಮ್ ಹಿಂದಕ್ಕೆ, ಪೂರ್ಣವಿರಾಮದ ಕೀ ಒತ್ತಿದರೆ ಒಂದು ಫ್ರೇಮ್ ಮುಂದಕ್ಕೆ ಹೋಗುತ್ತದೆ. ಫ್ರೇಮ್ ಎಂದರೆ ವಿಡಿಯೊದೊಳಗಿನ ಒಂದೊಂದು ಬಿಡಿ ಚಿತ್ರ.

ಒಂದು ಎಸೆತದಲ್ಲಿ ಮೂರು ಜಾಗ ಹುಡುಕಿ. ಮೊಣಕಾಲು ಮಡಿಸಿ ಮೈ ಕುಗ್ಗಿದ ಕ್ಷಣ. ಚೆಂಡು ಹಣೆಯ ಮಟ್ಟಕ್ಕೆ ಬಂದ ಕ್ಷಣ. ಚೆಂಡು ಬಿಟ್ಟು ಮಣಿಕಟ್ಟು ಕೆಳಕ್ಕೆ ಬಾಗಿದ ಕ್ಷಣ. ಕೊನೆಯದರಲ್ಲಿ ಕೈ ಗದ್ದೆಯಲ್ಲಿ ನಿಂತ ಕೊಕ್ಕರೆಯ ಕತ್ತಿನ ಹಾಗೆ ಕಾಣುತ್ತದೆ. ಮೂರನ್ನೂ ಸಣ್ಣದಾಗಿ, ಅಂಚೆಚೀಟಿಯಷ್ಟು ಗಾತ್ರಕ್ಕೆ ಬರೆದು ನೋಡಿ. ಇಂಥ ಪುಟ್ಟ ಕರಡಿಗೆ ಥಂಬ್‌ನೇಲ್ ಎನ್ನುತ್ತಾರೆ. ಯಾವುದು ಚೆನ್ನಾಗಿದೆಯೋ ಅದನ್ನು ದೊಡ್ಡದು ಮಾಡಿ.

ಹಾರಿದವನು ಅತ್ಯಂತ ಮೇಲೆ ಇರುವ ಫ್ರೇಮೇ ಒಳ್ಳೆಯದು ಎಂದು ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಆ ತುತ್ತತುದಿಯಲ್ಲಿ ಮೈ ಒಂದು ಗಳಿಗೆ ನಿಂತೇ ಇರುತ್ತದೆ. ಹಾಗಾಗಿ ಚಿತ್ರವೂ ನಿಂತುಬಿಡುತ್ತದೆ. ಅದಕ್ಕಿಂತ ಎರಡು ಮೂರು ಫ್ರೇಮ್ ಹಿಂದಕ್ಕೆ ಹೋಗಿ. ಯಕ್ಷಗಾನದ ದಿಗಿಣ, ಅಂದರೆ ಹಾರಿ ತಿರುಗುವ ಕುಣಿತ, ಫೋಟೊ ತೆಗೆಯುವವರಿಗೂ ಇದು ಗೊತ್ತು. ಕಾಲು ನೆಲ ಬಿಡುವ ಕ್ಷಣದಲ್ಲಿರುವ ಬಿಗಿ ಮೇಲೆ ಹೋದ ಮೇಲೆ ಇರುವುದಿಲ್ಲ.

ಹಂತ 3: ಮೂವತ್ತು ಸೆಕೆಂಡಿನ ಗೆರೆ

ಇದೇ ಮುಖ್ಯ ಹಂತ. ಉಳಿದದ್ದನ್ನು ಹಾರಿಸಿ ಓದಿದರೂ ಇದನ್ನು ನಿಧಾನಕ್ಕೆ ಓದಿ.

ಇದಕ್ಕೆ ಜೆಸ್ಚರ್ ಡ್ರಾಯಿಂಗ್ ಎಂದು ಹೆಸರು. ಕಣ್ಣು, ಮೂಗು, ಬಟ್ಟೆ ಏನೂ ಬೇಡ. ಮೈಯ ಓಟವನ್ನು ಮಾತ್ರ ಕೆಲವೇ ಗೆರೆಗಳಲ್ಲಿ ಹಿಡಿಯುವುದು. ಫೋನಿನಲ್ಲಿ 30 ಸೆಕೆಂಡಿನ ಟೈಮರ್ ಇಡಿ. ಮೊದಲ ಗೆರೆ ತಲೆಯಿಂದ ಶುರುವಾಗಿ ಬೆನ್ನಿನ ಮೂಲಕ ಭಾರ ಹೊತ್ತ ಕಾಲಿನವರೆಗೆ ಒಂದೇ ಎಳೆತದಲ್ಲಿ ಬರಲಿ. ಅದು ಬಿಲ್ಲಿನ ಹಾಗೆ ಬಾಗಿರುತ್ತದೆ, ಇಲ್ಲವೇ ತಲೆಕೆಳಗಾದ ಪ್ರಶ್ನೆಚಿಹ್ನೆಯ ಹಾಗೆ ಇರುತ್ತದೆ. ನೇರವಾಗಿ ಬಂತು ಎಂದರೆ ಇನ್ನೊಮ್ಮೆ ನೋಡಿ. ಆಡುತ್ತಿರುವ ಮೈ ನೇರ ಇರುವುದು ಬಹಳ ಅಪರೂಪ.

ಎರಡನೇ ಗೆರೆ ಭುಜದ್ದು, ಮೂರನೆಯದು ಸೊಂಟದ್ದು. ಹೊಸಬರು ಈ ಎರಡನ್ನೂ ರೈಲು ಹಳಿಯ ಹಾಗೆ ಸಮಾನಾಂತರ ಎಳೆಯುತ್ತಾರೆ. ಬೊಂಬೆ ಹುಟ್ಟುವುದು ಇಲ್ಲೇ. ಬಲಗೈ ಮೇಲೆತ್ತಿದರೆ ಬಲ ಭುಜ ಏರುತ್ತದೆ, ಆ ಕಡೆಯ ಪಕ್ಕೆ ಹಿಗ್ಗುತ್ತದೆ, ಎಡ ಪಕ್ಕೆ ಮಡಿಕೆ ಬೀಳುತ್ತದೆ. ಕನ್ನಡಿ ಮುಂದೆ ನಿಂತು ದೋಟಿ ಹಿಡಿದು ಅಡಿಕೆ ಕೊಯ್ಯುವವರ ಹಾಗೆ ಕೈ ಎತ್ತಿ ನೋಡಿ, ತಿಳಿಯುತ್ತದೆ. ಭುಜ ಒಂದು ಕಡೆ ಏರಿದ್ದರೆ ಸೊಂಟ ಹೆಚ್ಚಾಗಿ ಇನ್ನೊಂದು ಕಡೆ ಏರಿರುತ್ತದೆ. ಈ ಎದುರುಬದುರಾದ ಓರೆಯೇ ಜೀವ.

ಆಮೇಲೆ ಕೈಕಾಲಿಗೆ ಒಂದೊಂದು ಗೆರೆ, ತಲೆಗೆ ಒಂದು ಮೊಟ್ಟೆ, ಚೆಂಡಿಗೆ ಒಂದು ಸುತ್ತು. ಮುಗಿಯಿತು, ಮುಂದಿನದು.

ದಿನಕ್ಕೆ ಇಪ್ಪತ್ತು ಬರೆದರೆ ಹತ್ತು ನಿಮಿಷ ಸಾಕು. ರಬ್ಬರ್ ಮುಟ್ಟಬೇಡಿ, ಅದನ್ನು ಬೇರೆ ಕೋಣೆಯಲ್ಲೇ ಇಡಿ. ಹದಿನೈದು ದಿನ ಆದ ಮೇಲೆ ಮೊದಲ ದಿನದ ಹಾಳೆಯನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿ.

ಹತ್ತಿರದಲ್ಲಿ ಬಾಸ್ಕೆಟ್‌ಬಾಲ್ ಕೋರ್ಟ್ ಇಲ್ಲ ಎಂದು ಕೊರಗುವವರು ತುಂಬಾ ಮಂದಿ. ವಾಲಿಬಾಲ್ ಮೈದಾನ ಇದೆ ಅಲ್ವಾ? ಸಂಜೆ ಐದು ಗಂಟೆಗೆ ಅಲ್ಲಿ ಹೋಗಿ ಕೂತುಕೊಳ್ಳಿ. ಸ್ಮ್ಯಾಶ್ ಹೊಡೆಯಲು ಹಾರಿದವನ ಬೆನ್ನು ಬಿಲ್ಲಾಗುವುದು, ಕೈ ಹಿಂದಕ್ಕೆ ಹೋಗುವುದು ಎಲ್ಲಾ ಡಂಕ್‌ಗೆ ಹತ್ತಿರದ್ದೇ. ಕಬಡ್ಡಿ ನೋಡಿದರೆ ರಕ್ಷಣೆಗೆ ಕುಕ್ಕರಗಾಲಲ್ಲಿ ನಿಲ್ಲುವ ಭಂಗಿ ಸಿಗುತ್ತದೆ. ಎದುರಿಗೆ ಓಡುವ ಮೈಯನ್ನು ನೋಡಿ ಬರೆಯುವುದಕ್ಕೂ ಪರದೆ ನೋಡಿ ಬರೆಯುವುದಕ್ಕೂ ಅಜಗಜಾಂತರ. ಪರದೆ ಎಲ್ಲವನ್ನೂ ಚಪ್ಪಟೆ ಮಾಡಿ ಕೊಡುತ್ತದೆ. ಮಕ್ಕಳು ಆಡುವಲ್ಲಿ ಫೋಟೊ ತೆಗೆಯುವುದಾದರೆ ದೊಡ್ಡವರನ್ನು ಕೇಳಿ ತೆಗೆಯಿರಿ. ಚಿತ್ರ ಬರೆಯಲಿಕ್ಕೆ ಎಂದರೆ ಯಾರೂ ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ, ಸುತ್ತ ನಿಂತು ನೋಡುತ್ತಾರೆ ಅಷ್ಟೆ.

ಹಂತ 4: ದಾರ ಇಳಿಬಿಟ್ಟು ನೋಡಿ

ಮೇಸ್ತ್ರಿಗಳು ಗೋಡೆ ನೇರ ಇದೆಯೇ ಎಂದು ತೂಗುಗುಂಡು ಹಿಡಿಯುತ್ತಾರಲ್ಲ, ಅದೇ ಕೆಲಸ. ದಾರಕ್ಕೆ ಒಂದು ರಬ್ಬರ್ ತುಂಡು ಕಟ್ಟಿ. ಪರದೆಯ ಮುಂದೆ, ಆಟಗಾರನ ಕತ್ತಿನ ಗುಂಡಿಗೆ ನೇರವಾಗಿ ಇಳಿಬಿಡಿ. ಕತ್ತಿನ ಗುಂಡಿ ಎಂದರೆ ಎರಡು ಕಾಲರ್ ಎಲುಬಿನ ನಡುವಿನ ತಗ್ಗು.

ದಾರ ಎರಡು ಪಾದದ ನಡುವೆ ಬಿದ್ದರೆ ಅವನು ನಿಂತಿದ್ದಾನೆ. ಪಾದದಿಂದ ಆಚೆ ಮುಂದಕ್ಕೆ ಬಿದ್ದರೆ ನುಗ್ಗುತ್ತಿದ್ದಾನೆ. ಹಿಂದಕ್ಕೆ ಬಿದ್ದರೆ ಫೇಡ್‌ಅವೇ. ಈಗ ನಿಮ್ಮ ಕರಡಿನ ಮೇಲೂ ಅದೇ ದಾರ ಹಿಡಿಯಿರಿ. ಹತ್ತರಲ್ಲಿ ಎಂಟು ಸಲ ನೀವು ನಿಮಗೆ ಗೊತ್ತಿಲ್ಲದೆಯೇ ಅವನನ್ನು ನೆಟ್ಟಗೆ ಮಾಡಿರುತ್ತೀರಿ. ಬಿದ್ದಾನು ಎಂಬ ಭಯ ಕೈಗೆ. ಬೀಳಲಿ ಬಿಡಿ! ಫೋಟೊದಲ್ಲಿ ಇದ್ದದ್ದಕ್ಕಿಂತ ಒಂದು ಕೂದಲು ಜಾಸ್ತಿಯೇ ವಾಲಿಸಿ. ನನ್ನ ಅನುಭವದಲ್ಲಿ ಹೀಗೆ ಜಾಸ್ತಿ ವಾಲಿಸಿ ಕೆಟ್ಟ ಚಿತ್ರ ಕಡಿಮೆ, ನೆಟ್ಟಗೆ ಮಾಡಿ ಸತ್ತ ಚಿತ್ರ ರಾಶಿ.

ಹಂತ 5: ಗೆರೆಗೆ ಮೈ ತುಂಬಿ

ಎದೆಗೆ ಒಂದು ಪೆಟ್ಟಿಗೆ, ಸೊಂಟಕ್ಕೆ ಒಂದು ಪೆಟ್ಟಿಗೆ, ಕೈಕಾಲಿಗೆ ಕೊಳವೆ. ಸಾಧಾರಣ ಮನುಷ್ಯ ಏಳೂವರೆ ತಲೆಯಷ್ಟು ಎತ್ತರ ಎಂದು ಚಿತ್ರಕಲೆಯ ಲೆಕ್ಕ. ಇವರಿಗೆ ಎಂಟು, ಎಂಟೂಕಾಲು ಇಡಿ. ಹೆಚ್ಚಿನದು ಕಾಲಿನಲ್ಲೂ ಮುಂಗೈಯಲ್ಲೂ ಇರಲಿ, ಎದೆಯನ್ನು ಉದ್ದ ಮಾಡಬೇಡಿ. ಕೈ ಚಾಚಿದ ಅಗಲ ಇವರಲ್ಲಿ ಬಹುಪಾಲು ಜನರಿಗೆ ಎತ್ತರಕ್ಕಿಂತ ಜಾಸ್ತಿ.

ಆದರೆ ಎಲ್ಲರೂ ಒಂದೇ ಅಚ್ಚಿನವರಲ್ಲ. ಸ್ಟೀಫನ್ ಕರಿ 1.88 ಮೀಟರ್, ಲೆಬ್ರಾನ್ ಜೇಮ್ಸ್ 2.06. 2015ರಲ್ಲಿ ಎನ್‌ಬಿಎ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವಲ್ಲಿ, ಡಲ್ಲಾಸ್ ತಂಡ 52ನೇ ಆಯ್ಕೆಯಾಗಿ ತೆಗೆದುಕೊಂಡ ಪಂಜಾಬಿನ ಸತ್ನಾಮ್ ಸಿಂಗ್ ಏಳು ಅಡಿ ಎರಡು ಇಂಚು. ಇಬ್ಬರನ್ನು ಒಂದೇ ಚಿತ್ರದಲ್ಲಿ ತರುವಾಗ ಮೊದಲು ಈ ವ್ಯತ್ಯಾಸ ಗುರುತು ಮಾಡಿಕೊಳ್ಳಿ.

ಕಷ್ಟ ಬರುವುದು ನಿಮ್ಮ ಕಡೆಗೇ ಚಾಚಿದ ಕೈಯಲ್ಲಿ. ನಮ್ಮ ಕಡೆ ಬರುವ ವಸ್ತು ಮೋಟಾಗಿ, ದಪ್ಪವಾಗಿ ಕಾಣುತ್ತದೆ. ಇದಕ್ಕೆ ಫೋರ್‌ಶಾರ್ಟನಿಂಗ್ ಎನ್ನುತ್ತಾರೆ. ಕೈ ಎಷ್ಟು ಉದ್ದ ಎಂದು ನಿಮಗೆ ಗೊತ್ತಿರುವುದೇ ಇಲ್ಲಿ ಶತ್ರು. ಗೊತ್ತಿದ್ದದ್ದನ್ನು ಬಿಟ್ಟು ಕಂಡದ್ದನ್ನು ಬರೆಯಬೇಕು. ಅದಕ್ಕೊಂದು ಉಪಾಯ ಇದೆ. ಕೈಯನ್ನು ನೋಡಬೇಡಿ, ಕೈಗೂ ಮೈಗೂ ನಡುವಿನ ಖಾಲಿ ಜಾಗ ನೋಡಿ. ಅದು ತ್ರಿಕೋನವೇ, ಹಲಸಿನ ಬೀಜದ ಆಕಾರವೇ? ಆ ಖಾಲಿ ಆಕಾರ ಬರೆದರೆ ಕೈ ತಾನಾಗಿ ಕೂರುತ್ತದೆ. ಫೋಟೊವನ್ನು ತಲೆಕೆಳಗೆ ಮಾಡಿ ಬರೆದರೂ ಇದೇ ಲಾಭ.

ಬೆರಳುಗಳನ್ನು ಒಂದೊಂದಾಗಿ ಶುರು ಮಾಡಬೇಡಿ. ಮೊದಲು ಕೈಗವಸು ಹಾಕಿದ ಹಾಗೆ ಒಂದೇ ಮುದ್ದೆ, ಆಮೇಲೆ ಸೀಳುವುದು. ಎಸೆಯುವಾಗ ಅಂಗೈ ಚೆಂಡಿಗೆ ಪೂರ್ತಿ ಅಂಟಿರುವುದಿಲ್ಲ. ಚೆಂಡು ಕೂತಿರುವುದು ಬೆರಳುಗಳ ಮೇಲೆ, ನಡುವೆ ಸಣ್ಣ ಸಂದು ಇರುತ್ತದೆ. ಆ ಸಂದಿನಲ್ಲಿ ಒಂದು ಕಪ್ಪು ಗೆರೆ ಬಿದ್ದರೆ ಆಟ ಬಲ್ಲವರು ಮೆಚ್ಚುತ್ತಾರೆ.

ಹಂತ 6: ರಿಂಗ್, ಹಲಗೆ, ನೆಲ

ರಿಂಗ್ ವೃತ್ತ ಹೌದು, ಆದರೆ ಕೆಳಗೆ ನಿಂತವರಿಗೆ ಅದು ಮೊಟ್ಟೆಯಾಕಾರ. ನಮ್ಮ ಕಣ್ಣಿಗಿಂತ ಮೇಲಿರುವುದರಿಂದ ಹತ್ತಿರದ ಅಂಚು ಮೇಲೆ, ದೂರದ ಅಂಚು ಕೆಳಗೆ ಕಾಣಬೇಕು. ಬಾವಿಕಟ್ಟೆಯ ಅಂಚು ಬಗ್ಗಿ ನೋಡಿ ಅಭ್ಯಾಸ ಇರುವ ನಾವು ಇದನ್ನು ಉಲ್ಟಾ ಬರೆದುಬಿಡುತ್ತೇವೆ. ಆಗ ನೋಡುವವರು ತೆಂಗಿನ ಮರದ ಮೇಲಿಂದ ಪಂದ್ಯ ನೋಡಿದ ಹಾಗಾಗುತ್ತದೆ.

ರಿಂಗ್ ಹಲಗೆಗೆ ಅಂಟಿಕೊಂಡಿರುವುದಿಲ್ಲ. ನಡುವೆ 15 ಸೆಂಟಿಮೀಟರ್ ಸಂದು ಇದೆ. ಹಲಗೆಯ ಮೇಲಿನ ಸಣ್ಣ ಚೌಕದ ಕೆಳಗೆರೆ ರಿಂಗಿನ ಮಟ್ಟದಲ್ಲೇ ಇರುತ್ತದೆ. ಬಲೆ ಹನ್ನೆರಡು ಕಡೆ ಕಟ್ಟಿರುತ್ತದೆ, ಎಲ್ಲಾ ಕಣ್ಣಿಗಳನ್ನೂ ಬರೆಯುವ ಹಟ ಬೇಡ. ಹತ್ತಿರದ ನಾಲ್ಕೈದು ಸ್ಪಷ್ಟ ಇದ್ದರೆ ಉಳಿದವನ್ನು ನೋಡುವವರ ಕಣ್ಣು ತುಂಬಿಕೊಳ್ಳುತ್ತದೆ.

ನೆಲಕ್ಕೆ ಎರಡು ಗೆರೆ ಸಾಕು. ಹಾರಿದವನ ಕೆಳಗೆ ನೆರಳು ಮಾತ್ರ ಮರೆಯಬೇಡಿ. ಪಾದಕ್ಕೂ ನೆರಳಿಗೂ ನಡುವಿನ ಅಂತರವೇ ಅವನು ಎಷ್ಟು ಹಾರಿದ ಎಂದು ಹೇಳುವುದು.

ಹಂತ 7: ಚೆಂಡಿನ ಗೆರೆಗಳು

ಹಳೆಯ ಮಾದರಿಯ ಚೆಂಡಿನಲ್ಲಿ ಎಂಟು ತುಂಡು. ಮೊದಲು ಕ್ರಾಸ್ ಆಗುವ ಎರಡು ಸುತ್ತು, ಆಮೇಲೆ ಎರಡೂ ಬದಿ ಆವರಣ ಚಿಹ್ನೆಯ ಹಾಗೆ ಬಾಗಿದ ಎರಡು ಗೆರೆ. ಯಾವುದೂ ನೇರ ಬರಬಾರದು, ಎಲ್ಲವೂ ಉಬ್ಬಿನ ಮೇಲೆ ಹರಿಯಬೇಕು. ಎಸೆದ ಚೆಂಡು ಹಿಮ್ಮುಖವಾಗಿ ತಿರುಗುತ್ತಾ ಹೋಗುತ್ತದೆ, ಹಾಗಾಗಿ ಗಾಳಿಯಲ್ಲಿರುವ ಚೆಂಡಿನ ಗೆರೆಗಳನ್ನು ಸ್ವಲ್ಪ ಮಬ್ಬು ಮಾಡಿ.

ಹಂತ 8: ಬಟ್ಟೆ, ನಂಬರು, ಕೊನೆಗೆ ಮುಖ

ಜೆರ್ಸಿಯ ಮಡಿಕೆಗಳು ಎಳೆತ ಇರುವ ಕಡೆಯಿಂದ ಹೊರಡುತ್ತವೆ. ಕೈ ಎತ್ತಿದರೆ ಕಂಕುಳಿನಿಂದ ಸೊಂಟದ ಕಡೆಗೆ. ಐದಾರು ಸಾಕು, ಜಾಸ್ತಿಯಾದರೆ ಒಗೆದು ಹಿಂಡಿದ ಬಟ್ಟೆ. ನಂಬರನ್ನು ಸ್ಕೇಲ್ ಹಿಡಿದು ಬರೆಯಬೇಡಿ, ಅದು ಎದೆಯ ಉಬ್ಬಿನ ಜೊತೆ ಬಾಗಬೇಕು. ಕಾಲವನ್ನೂ ನೋಡಿಕೊಳ್ಳಿ. 1970ರ ದಶಕದ ಆಟಗಾರರ ಚಡ್ಡಿ ತೊಡೆಯ ಮೇಲೆಯೇ ಮುಗಿಯುತ್ತದೆ, ತೊಂಬತ್ತರ ದಶಕದಲ್ಲಿ ಅದು ಮೊಣಕಾಲಿನ ಹತ್ತಿರ ಇಳಿದಿದೆ.

ಮುಖಕ್ಕೆ ಎರಡು ಗುರುತು ಸಾಕು. ಕರೀಂ ಅವರಿಗೆ ಕನ್ನಡಕ, ಜೋರ್ಡಾನ್‌ಗೆ ಹೊರಚಾಚಿದ ನಾಲಿಗೆ, ಕರಿಗೆ ಬಾಯಿಯ ಬದಿಯಲ್ಲಿ ಜೋತಾಡುವ ಮೌತ್‌ಗಾರ್ಡ್, ಅಂದರೆ ಹಲ್ಲಿನ ರಕ್ಷೆ. ಕಪ್ಪು ಜನರ ತುಟಿ ಮೂಗನ್ನು ದೊಡ್ಡದು ಮಾಡಿ ತಮಾಷೆಯ ಚಿತ್ರ ಮಾಡುವ ಕೆಟ್ಟ ಅಭ್ಯಾಸ ಹಳೆಯ ಕಾರ್ಟೂನುಗಳಿಂದ ಕೆಲವರ ಕೈಗೆ ಅಂಟಿದೆ. ಅದು ಬೇಡ. ಫೋಟೊದಲ್ಲಿ ಎಷ್ಟಿದೆಯೋ ಅಷ್ಟೇ.

ಹಂತ 9: ಬಣ್ಣ

ಚೆಂಡಿನ ಬಣ್ಣ ಹುಡುಕಲು ದೂರ ಹೋಗಬೇಕಾಗಿಲ್ಲ. ಅಂಗಳದಲ್ಲಿ ಒಣಗಲು ಹಾಕಿದ ಹಣ್ಣಡಿಕೆಯೇ ಬೆಳಕಿನ ಭಾಗ, ಮಳೆಗೆ ನೆನೆದ ಮುರಕಲ್ಲೇ ನೆರಳಿನ ಭಾಗ. ಕಿತ್ತಳೆಗೆ ಸ್ವಲ್ಪ ಬರ್ನ್ಟ್ ಸಿಯೆನ್ನಾ, ಅಂದರೆ ಸುಟ್ಟ ಮಣ್ಣಿನ ಕಂದು ಸೇರಿಸಿದರೆ ಬರುತ್ತದೆ. ನೆರಳಿಗೆ ಕಪ್ಪು ಹಾಕಿದರೆ ಚೆಂಡು ಕೊಳೆತ ಹಾಗೆ ಕಾಣುತ್ತದೆ, ಚಿಟಿಕೆ ನೀಲಿ ಹಾಕಿ.

ಬಣ್ಣದ ಪೆಟ್ಟಿಗೆಯಲ್ಲಿ "ಸ್ಕಿನ್" ಎಂದು ಬರೆದ ಆ ಗುಲಾಬಿ ಕಡ್ಡಿಯನ್ನು ಆಚೆ ಇಡಿ. ನಮ್ಮ ಊರಿನಲ್ಲೂ ಆ ಬಣ್ಣದವರು ಯಾರಿದ್ದಾರೆ? ಕಪ್ಪು ಮೈಗೆ ಬರ್ನ್ಟ್ ಸಿಯೆನ್ನಾ ಮತ್ತು ಅಲ್ಟ್ರಾಮರೀನ್ ನೀಲಿ ಬೆರೆಸಿ. ಕಂದು ಹೆಚ್ಚಾದರೆ ಬೆಚ್ಚಗೆ, ನೀಲಿ ಹೆಚ್ಚಾದರೆ ಗಾಢ. ಒಳಾಂಗಣದ ದೀಪದಡಿ ಬೆವರಿದ ಭುಜದ ಮೇಲೆ ಬೀಳುವ ಹೊಳಪಿನ ಜಾಗಗಳನ್ನು ಮೊದಲೇ ಬಿಳಿಯಾಗಿ ಬಿಟ್ಟಿರಿ. ಜಲವರ್ಣದಲ್ಲಿ ಬಿಳಿ ಎಂದರೆ ಕಾಗದವೇ, ಆಮೇಲೆ ಹಾಕಲು ಬರುವುದಿಲ್ಲ.

ನೀರಾದ ಬಣ್ಣವನ್ನು ತೆಳುವಾಗಿ ಹರಡುವುದಕ್ಕೆ ವಾಶ್ ಎನ್ನುತ್ತಾರೆ. ಮಾರ್ಚ್‌ನಲ್ಲಿ ಒಂದು ವಾಶ್ ಬೇಗ ಒಣಗುತ್ತದೆ, ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಗಂಟೆಗಟ್ಟಲೆ ಒದ್ದೆ. ಒಣಗದೆ ಎರಡನೇ ಕೋಟ್ ಹಾಕಿದರೆ ಕೆಳಗಿನದು ಎದ್ದು ಬರುತ್ತದೆ. ಕೈಯ ಹಿಂಬದಿಯನ್ನು ಕಾಗದಕ್ಕೆ ತಾಗಿಸಿ ನೋಡಿ. ತಣ್ಣಗಿದ್ದರೆ ಇನ್ನೂ ಒದ್ದೆ ಎಂದೇ ಅರ್ಥ.

ಪ್ರೇಕ್ಷಕರನ್ನು ಒಬ್ಬೊಬ್ಬರಾಗಿ ಬರೆಯಬೇಡಿ. ಮಸುಕು ಬಣ್ಣದ ಚುಕ್ಕೆಗಳು ಸಾಕು. ಇದಕ್ಕೆ ಒಂದು ವಿನಾಯಿತಿ ಇದೆ, ಪಂದ್ಯದ ಕೊನೆಯ ಎಸೆತದಂಥ ಚಿತ್ರ. 1998ರ ಫೈನಲ್ಸ್‌ನ ಆರನೇ ಪಂದ್ಯದಲ್ಲಿ 5.2 ಸೆಕೆಂಡು ಉಳಿದಿರುವಾಗ ಜೋರ್ಡಾನ್ ಹಾಕಿದ ಬುಟ್ಟಿಯಿಂದ ಶಿಕಾಗೊ 87–86ರಿಂದ ಗೆದ್ದಿತು. ಪಂದ್ಯ ನಡೆದದ್ದು ಯೂಟಾದ ಅಂಗಳದಲ್ಲಿ, ಕೂತವರೆಲ್ಲ ಎದುರಾಳಿಯ ಕಡೆಯವರು. ಅಲ್ಲಿ ಹಿಂದಿನ ಸಾಲಿನಲ್ಲಿ ಬಾಯಿಗೆ ಕೈ ಹಿಡಿದ ನಾಲ್ಕು ಮುಖ ಬರೆದರೆ ಕಥೆ ಪೂರ್ತಿಯಾಗುತ್ತದೆ.

ಹಂತ 10: ಫೋಟೊ, ಮಾರಾಟ, ಜೋಪಾನ

ಫೋಟೊವನ್ನು ಚಾವಡಿಯ ನೆರಳಿನಲ್ಲಿ, ಬೆಳಗ್ಗೆ ಒಂಬತ್ತು ಹತ್ತರ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಕಂಗಿನ ತೋಟದ ಪಕ್ಕ ತೆಗೆದರೆ ಕಾಗದ ಹಸಿರಾಗುತ್ತದೆ, ಕೆಂಪು ಕಾವಿ ನೆಲದ ಮೇಲಿಟ್ಟರೆ ಕೆಂಪಾಗುತ್ತದೆ. ಕೆಳಗೆ ಬಿಳಿ ಬಟ್ಟೆ ಹಾಸಿ. ಮುದ್ರಿಸುವುದಿದ್ದರೆ ಸ್ಕ್ಯಾನ್ ಮಾಡಿಸಿ, 300 ಡಿಪಿಐ ಎಂದು ಹೇಳಿ. ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಎಂಬ ಲೆಕ್ಕ ಅದು.

ಮಾರುವ ಯೋಚನೆ ಇದ್ದರೆ ಇದನ್ನು ಕೇಳಿ. ಜೋರ್ಡಾನ್ ಹಾರುವ ಫೋಟೊ ಒಂದನ್ನು ಕೋ ರೆಂಟ್‌ಮೀಸ್ಟರ್ ಎಂಬ ಛಾಯಾಗ್ರಾಹಕ 1984ರಲ್ಲಿ ತೆಗೆದಿದ್ದರು. ಅದೇ ಭಂಗಿಯನ್ನು ನಕಲು ಮಾಡಿದ್ದಾರೆ ಎಂದು 2015ರಲ್ಲಿ ಶೂ ಕಂಪೆನಿ ನೈಕಿ ಮೇಲೆ ದಾವೆ ಹೂಡಿದರು. 2018ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯದಲ್ಲೂ ಸೋತರು. ಭಂಗಿ ಯಾರ ಸ್ವತ್ತೂ ಅಲ್ಲ, ಆದರೆ ಫೋಟೊದ ಕೋನ, ಬೆಳಕು, ಜೋಡಣೆ ಎಲ್ಲಾ ಸೇರಿದ ಒಟ್ಟು ರೂಪಕ್ಕೆ ರಕ್ಷಣೆ ಇದೆ ಎನ್ನುವುದು ಅದರ ಸಾರ. ಆದ್ದರಿಂದ ಯಾರದೋ ಒಂದು ಫೋಟೊವನ್ನು ಗೆರೆಗೆರೆ ಎತ್ತಿ ಮಾರಬೇಡಿ. ಹಂತ ಎರಡರಲ್ಲಿ ಮೂರು ಫ್ರೇಮ್ ಎಂದದ್ದು ಇದಕ್ಕೂ ಆಯಿತು. ತಂಡದ ಲಾಂಛನ, ಜೆರ್ಸಿ ಗುರುತು ಹಾಕಿ ಮುದ್ರಿಸಿ ಮಾರುವುದಕ್ಕೂ ಅನುಮತಿ ಬೇಕು. ಮನೆ ಗೋಡೆಗೆ, ಶಾಲೆಯ ಕಲೋತ್ಸವದ ಪೆನ್ಸಿಲ್ ಡ್ರಾಯಿಂಗಿಗೆ ತಯಾರಾಗಲು ಬರೆಯುವವರಿಗೆ ಈ ತಲೆನೋವಿಲ್ಲ.

ಇನ್ನು ಜೋಪಾನ. ಎರಡು ಮಳೆಗಾಲದ ಹಿಂದೆ ನಾನು ಒಂದು ಕಟ್ಟು ಚಿತ್ರವನ್ನು ಅಡುಗೆಮನೆಯ ಅಟ್ಟದಲ್ಲಿಟ್ಟೆ, ಬೆಚ್ಚಗಿರುತ್ತದೆ ಎಂದು. ಬೂಷ್ಟು ಹಿಡಿಯಲಿಲ್ಲ ನಿಜ, ಹೊಗೆ ಹಿಡಿಯಿತು. ಗೋಡೆಗೆ ತಾಗಿದ ಕಪಾಟೂ ಬೇಡ. ಮುಚ್ಚಳ ಬಿಗಿ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಳೆಗಳ ನಡುವೆ ಬೆಣ್ಣೆಕಾಗದ ಇಟ್ಟು, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಬಿಸಿಲು ಬಿದ್ದ ದಿನ ತೆರೆದು ಗಾಳಿಯಾಡಿಸಿ. ನೇರ ಬಿಸಿಲಿಗೆ ಹಾಕಬೇಡಿ, ಬಣ್ಣ ಹಾರುತ್ತದೆ.

ಹಾಳೆಯ ಹಿಂಬದಿ ಪಂದ್ಯ, ತಾರೀಕು, ಎಷ್ಟನೇ ಎಸೆತ ಎಂದು ಬರೆದಿಡಿ. ಪೆನ್ಸಿಲಿನಲ್ಲೇ ಬರೆಯಿರಿ, ಬಾಲ್‌ಪೆನ್ನಿನ ಒತ್ತು ಮುಂದೆ ಉಬ್ಬಿ ಕಾಣುತ್ತದೆ. ತಾರೀಕು ಹಾಕುವಾಗ ಅಲ್ಲಿಯದೇ ಹಾಕಿ. ಜೋರ್ಡಾನ್ ಆ ಬುಟ್ಟಿ ಹಾಕಿದ್ದು 1998ರ ಜೂನ್ 14ರ ರಾತ್ರಿ, ಆಗ ನಮಗೆ 15ರ ಬೆಳಗಾಗಿತ್ತು.